ಜಂಕ್ ಹಾಯಿಗೆ ಉಬ್ಬು ಕೊಡೋದು ಹೆಂಗೆ? ಗಾಳಿಗೆದುರು ಏರೋಕೆ ಒದ್ದಾಡೋ ದೋಣಿಯವ್ರಿಗೆ ಹಂತ ಹಂತದ ವಿವರ

ಮತ್ತೆ ಮತ್ತೆ ಬರೋ ಪ್ರಶ್ನೆ ಒಂದೇ. "ಜಂಕ್ ಹಾಯಿ ಇರೋ ದೋಣಿ ತಗೊಂಡಿದೀವಿ, ಗಾಳಿ ಹಿಂದಿನಿಂದಲೋ ಪಕ್ಕದಿಂದಲೋ ಬಂದ್ರೆ ಸೊಗಸಾಗಿ ಓಡುತ್ತೆ, ಗಾಳಿಗೆದುರು ಹೊರಟ್ರೆ ಮಾತ್ರ ಮುಂದಕ್ಕೆ ಹೋಗೋದಕ್ಕಿಂತ ಪಕ್ಕಕ್ಕೆ ಜಾರೋದೇ ಜಾಸ್ತಿ, ಏನ್ ಮಾಡೋದು?" ಇಂಗ್ಲೆಂಡ್, ನ್ಯೂಜಿಲೆಂಡ್ ಕಡೆ ಸೆಕೆಂಡ್ ಹ್ಯಾಂಡ್ ದೋಣಿ ತಗೊಂಡಿರೋ ನಮ್ಮವ್ರು ಕೇಳ್ತಾರೆ, ಇಲ್ಲೇ ಮನೇಲಿ ಮಾಡೆಲ್ ಕಟ್ಟೋರೂ ಕೇಳ್ತಾರೆ. ಒಬ್ಬೊಬ್ರಿಗೇ ಉತ್ತರ ಬರೆಯೋ ಬದಲು ಎಲ್ಲಾ ಒಂದೇ ಕಡೆ ಬರೀತಿದೀನಿ.

ಚಿಕ್ಕ ಉತ್ತರ: ನಿಮ್ಮ ಹಾಯಿ ತೀರಾ ಚಪ್ಪಟೆಯಾಗಿದೆ, ಅದಕ್ಕೆ ಉಬ್ಬು ಬೇಕು. ಆದ್ರೆ ಬಟ್ಟೆಗೆ ಕತ್ತರಿ ಹಾಕೋಕೆ ಮುಂಚೆ ಮಾಡಬೇಕಾದ ಕೆಲಸ ಬೇರೆ ಇದೆ, ಅದಕ್ಕೆ ಖರ್ಚೂ ಇಲ್ಲ, ಅದನ್ನ ಬಿಟ್ಟು ನೇರ ಹೊಸ ಹಾಯಿ ಹೊಲಿಯೋಕೆ ಕೂತ್ರೆ ಹಳೇ ತೊಂದರೆಗಳೇ ಹೊಸ ಬಟ್ಟೆ ಮೇಲೆ ಬಂದು ಕೂರುತ್ತವೆ.

ಮೊದಲು ಪದಗಳು

ಜಂಕ್ ಹಾಯಿ ಅಂದ್ರೆ ಚೀನಾದ ಹಡಗುಗಳ ಹಾಯಿ. ಮೇಲಿಂದ ಕೆಳಗಿನವರೆಗೆ ಅಡ್ಡಡ್ಡ ಕೋಲುಗಳು ಇರುತ್ತವೆ, ಇವೇ ಬ್ಯಾಟನ್. ಎರಡು ಬ್ಯಾಟನ್ ನಡುವಿನ ಬಟ್ಟೆ ಪ್ಯಾನೆಲ್. ತುತ್ತತುದಿಯ ದಪ್ಪ ಕೋಲು ಯಾರ್ಡ್, ತಳದ್ದು ಬೂಮ್. ಹಾಯಿ ಮೇಲೆತ್ತೋ ಹಗ್ಗ ಹ್ಯಾಲ್ಯಾರ್ಡ್. ಹಾಯಿಯ ಮುಂದಿನ ಅಂಚು ಲಫ್, ಹಿಂದಿನ ಅಂಚು ಲೀಚ್. ಹಾಯಿನ ಒಳಗೆಳೆಯೋ, ಹೊರಗೆ ಬಿಡೋ ಹಗ್ಗ ಶೀಟ್, ಹೆಸರು ಕೇಳಿ ಬಟ್ಟೆ ಅಂದ್ಕೋಬೇಡಿ. ಜಂಕ್ ಹಾಯಿಯಲ್ಲಿ ಶೀಟ್ ಬೂಮ್‌ಗೆ ಮಾತ್ರ ಅಲ್ಲ, ಹೆಚ್ಚುಕಮ್ಮಿ ಎಲ್ಲಾ ಬ್ಯಾಟನ್ ತುದಿಗೂ ಕವಲೊಡೆದು ಹೋಗಿರುತ್ತೆ. ಬ್ಯಾಟನ್‌ಗಳನ್ನ ಮಾಸ್ಟ್‌ಗೆ, ಅಂದ್ರೆ ಹಾಯಿಕಂಬಕ್ಕೆ, ಸಡಿಲವಾಗಿ ಸುತ್ತಿ ಹಿಡಿಯೋ ಹಗ್ಗ ಪ್ಯಾರಲ್. ಲಫ್‌ನಿಂದ ಲೀಚ್‌ವರೆಗಿನ ಅಗಲಕ್ಕೆ ಕಾರ್ಡ್ ಅಂತಾರೆ. ಉಬ್ಬು ಅಂದ್ರೆ ಕ್ಯಾಂಬರ್, ಇದನ್ನ ಕಾರ್ಡ್‌ನ ಶೇಕಡಾ ಲೆಕ್ಕದಲ್ಲಿ ಹೇಳ್ತಾರೆ: ಕಾರ್ಡ್ 4 ಮೀಟರ್ ಇದ್ದು ಬಟ್ಟೆ ನೇರ ಗೆರೆಯಿಂದ 32 ಸೆಂಟಿಮೀಟರ್ ಆಚೆ ಉಬ್ಬಿದ್ರೆ ಅದು 8% ಕ್ಯಾಂಬರ್.

ಚಪ್ಪಟೆ ಹಾಯಿ ಯಾಕೆ ಏರಲ್ಲ

14ನೇ ಶತಮಾನದಲ್ಲಿ ಮಲಬಾರಿಗೆ ಬಂದ ಇಬ್ನ್ ಬತೂತ ಕಲ್ಲಿಕೋಟೆಯಲ್ಲಿ ಚೀನಾದ ಹಡಗುಗಳನ್ನ ನೋಡಿ, ಅವುಗಳ ಹಾಯಿ ಬಿದಿರಿನ ಸೀಳಿನಿಂದ ಚಾಪೆ ಹೆಣೆದ ಹಾಗಿರುತ್ತೆ, ಇಳಿಸೋದೇ ಇಲ್ಲ, ಗಾಳಿ ಬಂದ ಕಡೆಗೆ ತಿರುಗಿಸ್ತಾರೆ ಅಂತ ಬರೆದಿಟ್ಟಿದಾನೆ. ಹಳೇ ಚೀನಾ ಹಾಯಿಗಳಲ್ಲಿ ಬಿದಿರು ಬಾಗ್ತಿತ್ತು, ಚಾಪೆ ಅಥವಾ ಹತ್ತಿ ಬಟ್ಟೆ ಹಿಗ್ತಿತ್ತು, ಹಂಗಾಗಿ ಒಂದಿಷ್ಟು ಉಬ್ಬು ತಾನಾಗೇ ಬರ್ತಿತ್ತು. ಈ ಹಾಯಿನ ಪಶ್ಚಿಮದ ಸಣ್ಣ ದೋಣಿಗಳಿಗೆ ಒಗ್ಗಿಸಿ ಜನಪ್ರಿಯ ಮಾಡಿದ್ದು ಬ್ರಿಟಿಷ್ ನೌಕಾಸೈನಿಕ ಬ್ಲಾಂಡಿ ಹ್ಯಾಸ್ಲರ್. 1960ರಲ್ಲಿ ಅಟ್ಲಾಂಟಿಕ್ ದಾಟೋ ಮೊದಲ ಒಂಟಿ ರೇಸಲ್ಲಿ ಜೆಸ್ಟರ್ ಅನ್ನೋ ಪುಟ್ಟ ದೋಣಿಗೆ ಈ ಹಾಯಿ ಕಟ್ಟಿ 48 ದಿನದಲ್ಲಿ ನ್ಯೂಯಾರ್ಕ್ ಮುಟ್ಟಿ ಎರಡನೇ ಸ್ಥಾನ ತಗೊಂಡ್ರು. ಡೆಕ್ ಮೇಲೆ ಕಾಲಿಡದೆ ಒಳಗಿಂದಲೇ ಹಾಯಿ ಚಿಕ್ಕದು ಮಾಡಬಹುದು ಅನ್ನೋದು ಅದರ ದೊಡ್ಡ ಗುಣ. ಆದ್ರೆ ಅವ್ರ ದಾರೀಲಿ ಬಂದ ಹಾಯಿಗಳು ಹಿಗ್ಗದ ಟೆರಿಲೀನ್ ಬಟ್ಟೆ, ಗಟ್ಟಿ ಬ್ಯಾಟನ್, ಪೂರಾ ಚಪ್ಪಟೆ ಕಟಿಂಗ್. ಹೊಲಿಯೋಕೆ ಸುಲಭ, ಬಾಳಿಕೆ ಜಾಸ್ತಿ, ಗಾಳಿಗೆದುರು ಮಾತ್ರ ಸಪ್ಪೆ.

ಕಾರಣ ಇಷ್ಟೇ. ಗಾಳಿಗೆದುರು ಹೋಗೋವಾಗ ಹಾಯಿ ಗಾಳಿಯ ತಳ್ಳಿಕೆಯಿಂದ ಓಡಲ್ಲ, ಎರಡೂ ಬದಿಗೆ ಗಾಳಿ ಅಂಟಿಕೊಂಡು ಹರಿದು ಹಿಂದಕ್ಕೆ ಬಾಗಿ ಹೋಗೋದರಿಂದ ಹುಟ್ಟೋ ಎಳೆತದಿಂದ ಓಡುತ್ತೆ, ವಿಮಾನದ ರೆಕ್ಕೆಯ ಲಿಫ್ಟ್ ಅಂತಾರಲ್ಲ ಅದೇ. ಚಪ್ಪಟೆ ಹಾಯಿಯ ಮುಂದಿನ ಅಂಚಿಗೆ ಗಾಳಿ ಓರೆಯಾಗಿ ಬಂದಾಗ ಆ ಚೂಪು ಅಂಚನ್ನ ಸುತ್ತಿ ಆಚೆ ಬದಿಗೆ ತಿರುಗೋಕೆ ಆಗದೆ ಅಲ್ಲೇ ಕಿತ್ತುಕೊಂಡು ಸುಳಿಯಾಗುತ್ತೆ. ಇದೇ ಸ್ಟಾಲ್. ಲಿಫ್ಟ್ ಕಡಿಮೆಯಾಗುತ್ತೆ, ಹಿಂದಕ್ಕೆ ಎಳೆಯೋ ಡ್ರ್ಯಾಗ್ ಜಾಸ್ತಿಯಾಗುತ್ತೆ. ಉಬ್ಬಿದ ಹಾಯಿಯಲ್ಲಿ ಮುಂದಿನ ಅಂಚು ಬರೋ ಗಾಳಿಯ ದಿಕ್ಕಿಗೇ ಮುಖ ಮಾಡಿರುತ್ತೆ, ಗಾಳಿ ನಿಧಾನಕ್ಕೆ ಬಾಗ್ತಾ ಹೋಗುತ್ತೆ, ಬೇಗ ಕಿತ್ತುಕೊಳ್ಳಲ್ಲ. ಹಿಂದಿನ ಗಾಳಿಯಲ್ಲಿ ಈ ವ್ಯತ್ಯಾಸಕ್ಕೆ ಹೆಚ್ಚು ಬೆಲೆ ಇಲ್ಲ, ಅಲ್ಲಿ ಜಂಕ್ ಹಾಯಿ ಮೊದಲಿಂದಲೂ ಚೆನ್ನಾಗೇ ಇದೆ.

ಒಂದು ಮಾತು ಮೊದಲೇ ಹೇಳಿಬಿಡ್ತೀನಿ: ದೋಣಿಯ ತಳದಿಂದ ನೀರೊಳಗೆ ಇಳಿದು ಪಕ್ಕಕ್ಕೆ ಜಾರೋದನ್ನ ತಡೆಯೋ ಹಲಗೆ, ಅಂದ್ರೆ ಕೀಲ್, ಚಿಕ್ಕದಿದ್ರೆ, ತಳಕ್ಕೆ ಪಾಚಿ, ಚಿಪ್ಪು ಹತ್ತಿದ್ರೆ, ಎಂಥಾ ಹಾಯಿ ಹಾಕಿದ್ರೂ ದೋಣಿ ಪಕ್ಕಕ್ಕೆ ಜಾರುತ್ತೆ. ಮೊದಲು ತಳ ಕೆರೆದು ಕ್ಲೀನ್ ಮಾಡಿ.

ಏನೇನು ಬೇಕು

ಉಣ್ಣೆ ದಾರ ಅಥವಾ ಹಗುರ ರಿಬ್ಬನ್ ತುಂಡುಗಳು, ಜಿಪಿಎಸ್ ಇರೋ ಫೋನ್, ಎರಡು ಮೀಟರ್ ತೆಳು ಸರಪಳಿ, ಉದ್ದಕ್ಕೆ ಬಾಗೋ ಒಂದು ಮರದ ಪಟ್ಟಿ, ಟೇಪು, ಹಾಯಿ ಹಾಸೋಷ್ಟು ಚೊಕ್ಕ ನೆಲ. ಹೊಲಿಗೆಗೆ ಝಿಗ್‌ಝ್ಯಾಗ್ ಹಾಕೋ ಗಟ್ಟಿ ಮಷೀನು, ಬಿಸಿಲು ತಡೆಯೋ ಪಾಲಿಯೆಸ್ಟರ್ ನೂಲು. ಹತ್ತಿ ನೂಲು ಬೇಡವೇ ಬೇಡ. ಬಟ್ಟೆ ವಿಷಯಕ್ಕೆ ಒಂಬತ್ತನೇ ಹಂತದಲ್ಲಿ ಬರ್ತೀನಿ.

1. ಈಗ ಎಷ್ಟು ಏರುತ್ತೆ ಅಂತ ಅಳೀರಿ

ಇದನ್ನ ಮಾಡದೆ ಹಾಯಿ ಬದಲಾಯಿಸಿದ್ರೆ ಸುಧಾರಣೆ ಆಯ್ತೋ ಇಲ್ಲವೋ ನಿಮಗೇ ಗೊತ್ತಾಗಲ್ಲ. ಅಲೆ ಕಡಿಮೆ ಇರೋ, ನೀರಿನ ಸೆಳೆತ ಇಲ್ಲದ ಜಾಗ ಹುಡುಕಿ, ಗಾಳಿ ಒಂದೇ ಸಮ ಇರೋ ದಿನ ಗಾಳಿಗೆದುರು ಆದಷ್ಟು ಚೆನ್ನಾಗಿ ಓಡೋ ಕೋನದಲ್ಲಿ ಸ್ವಲ್ಪ ಹೊತ್ತು ಹೋಗಿ, ಆಮೇಲೆ ಟ್ಯಾಕ್ ಮಾಡಿ, ಅಂದ್ರೆ ಮೂತಿನ ಗಾಳಿ ಅಡ್ಡ ದಾಟಿಸಿ ಇನ್ನೊಂದು ಮಗ್ಗುಲಿಗೆ ತಿರುಗಿಸಿ ಅಷ್ಟೇ ಹೊತ್ತು ಹೋಗಿ. ಫೋನಲ್ಲಿ ಮೂಡಿರೋ ಎರಡು ಗೆರೆಯಲ್ಲಿ ದೋಣಿ ಹೋದ ದಿಕ್ಕುಗಳ ನಡುವಿನ ವ್ಯತ್ಯಾಸವೇ ನಿಮ್ಮ ನಿಜವಾದ ಟ್ಯಾಕಿಂಗ್ ಕೋನ. ದಿಕ್ಸೂಚಿಯಲ್ಲಿ ಕಾಣೋ ಕೋನ ಸುಳ್ಳು ಹೇಳುತ್ತೆ, ಯಾಕಂದ್ರೆ ಪಕ್ಕಕ್ಕೆ ಜಾರಿದ್ದು ಅದರಲ್ಲಿ ಬರಲ್ಲ. ವೇಗನೂ ಬರೆದಿಡಿ. ಭರತ ಇಳಿತದ ಸೆಳೆತ ಇರೋ ಕಡೆ ಅಳೆದ್ರೆ ಒಂದು ಗೆರೆ ಅದ್ಭುತವಾಗೂ ಇನ್ನೊಂದು ಕೆಟ್ಟದಾಗೂ ಕಾಣುತ್ತೆ, ಖುಷಿಯಾಗಿದ್ದನ್ನ ಮಾತ್ರ ನಂಬೋದು ಮನುಷ್ಯನ ಸ್ವಭಾವ, ಹಂಗೆ ಮಾಡ್ಬೇಡಿ.

2. ಲೀಚ್‌ಗೆ ದಾರ ಕಟ್ಟಿ

ಬೇರೆ ಹಾಯಿಗಳು ಜಾಸ್ತಿ ಗಾಳಿಗೆ ತಿರುಗಿದ್ರೆ ಪಟಪಟ ಬಡಿದು ಹೇಳುತ್ತವೆ, ಜಂಕ್ ಹಾಯಿ ಸುಮ್ನಿರುತ್ತೆ. ಈ ಮೌನದಿಂದಲೇ ಬಹಳಷ್ಟು ಜನ ಮೋಸ ಹೋಗೋದು. ಪ್ರತಿ ಬ್ಯಾಟನ್‌ನ ಹಿಂದಿನ ತುದಿಗೆ ಒಂದು ಗೇಣು ರಿಬ್ಬನ್ ಕಟ್ಟಿ. ನೇರ ಹಿಂದಕ್ಕೆ ಹಾರ್ತಿದ್ರೆ ಗಾಳಿ ಎರಡೂ ಬದಿಗೆ ಅಂಟಿಕೊಂಡು ಹರೀತಿದೆ. ಹಾಯಿಯ ಆಚೆ ಬದಿಗೆ ಮಡಚಿಕೊಂಡು ಮರೆಯಾದ್ರೆ ಆ ಎತ್ತರದಲ್ಲಿ ಸ್ಟಾಲ್ ಆಗಿದೆ.

ಈಗ ಶೀಟನ್ನ ನಿಧಾನಕ್ಕೆ ಬಿಡಿ. ಬಹಳಷ್ಟು ದೋಣಿಗಳಲ್ಲಿ ಇಲ್ಲೇ ಅರ್ಧ ಪರಿಹಾರ ಸಿಗುತ್ತೆ, ಯಾಕಂದ್ರೆ ಗಾಳಿಗೆದುರು ಹೋಗ್ಬೇಕು ಅಂತ ಎಲ್ರೂ ಹಾಯಿನ ದೋಣಿಯ ನಡುಗೆರೆವರೆಗೂ ಎಳೆದು ಕಟ್ಟಿರ್ತಾರೆ, ರಿಬ್ಬನ್ ಎಲ್ಲಾ ಮಾಯವಾಗಿರುತ್ತೆ, ದೋಣಿ ವಾಲಿಕೊಂಡು ಪಕ್ಕಕ್ಕೆ ಹೋಗ್ತಿರುತ್ತೆ. ಬೂಮ್ ನಡುಗೆರೆಯಿಂದ 10-15 ಡಿಗ್ರಿ ಹೊರಗಿರಲಿ. ಟ್ಯಾಕ್ ಆದ ಕೂಡಲೇ ಮೂತಿನ ಗಾಳಿಯಿಂದ ಸ್ವಲ್ಪ ಆಚೆ ತಿರುಗಿಸಿ ವೇಗ ಹತ್ತಿಸಿಕೊಂಡು, ಆಮೇಲೆ ಮತ್ತೆ ಗಾಳಿ ಕಡೆ ತಿರುಗಿಸಿ, ಶೀಟ್ ಎಳೀರಿ. ವೇಗ ಇಲ್ಲದ ಕೀಲ್‌ಗೆ ನೀರಲ್ಲಿ ಹಿಡಿತ ಇರಲ್ಲ.

3. ಓರೆ ಸುಕ್ಕು ತೆಗೀರಿ

ಹಾಯಿ ಪೂರ್ತಿ ಏರಿಸಿ ಸ್ವಲ್ಪ ದೂರದಿಂದ ಫೋಟೋ ತಗೊಳ್ಳಿ. ಯಾರ್ಡ್‌ನ ಮುಂದಿನ ತುದಿಯಿಂದ ಕೆಳಗಿನ ಹಿಂದಿನ ಮೂಲೆ ಕಡೆಗೆ ಓರೆಯಾಗಿ ದಪ್ಪ ಮಡಿಕೆ ಕಾಣ್ತಿದೆಯಾ? ಹಾಯಿಯ ಭಾರ ಎಲ್ಲಾ ಆ ಒಂದೇ ಗೆರೆ ಮೇಲೆ ನೇತಾಡ್ತಿದೆ ಅಂತ ಅರ್ಥ. ಗಾಳಿಗೆ ಇದು ಅಡ್ಡ ಬದು, ಉಬ್ಬು ಕೊಟ್ಟ ಮೇಲೂ ಇದು ಹೋಗಲ್ಲ, ಇನ್ನೂ ಜಾಸ್ತಿನೇ ಆಗುತ್ತೆ, ಯಾಕಂದ್ರೆ ಉಬ್ಬಿದ ಪ್ಯಾನೆಲ್‌ನಲ್ಲಿ ಓರೆ ಎಳೆತ ತಡೆಯೋ ಬಿಗಿ ಬಟ್ಟೆ ಇರಲ್ಲ.

ಮೊದಲು ಹ್ಯಾಲ್ಯಾರ್ಡ್ ಬಿಗಿ ಮಾಡಿ. ಆಮೇಲೆ ಯಾರ್ಡನ್ನ ಮಾಸ್ಟ್‌ಗೆ ಒತ್ತಿ ಹಿಡಿಯೋ ಹಗ್ಗ ಎಳೀರಿ, ಅದಕ್ಕೆ ಯಾರ್ಡ್ ಹಾಲಿಂಗ್ ಪ್ಯಾರಲ್ ಅಂತ ಹೆಸರು. ಮೂರನೇದು ಲಫ್ ಹಾಲಿಂಗ್ ಪ್ಯಾರಲ್, ಇದು ಲಫ್ ಕಡೆಯಿಂದ ಬ್ಯಾಟನ್‌ಗಳನ್ನ ಹಿಂದಕ್ಕೆ ಎಳೆಯುತ್ತೆ. ಈ ಮೂರೂ ಒಂದಕ್ಕೊಂದು ಸಂಬಂಧ ಇರೋವು, ಒಂದನ್ನ ಎಳೆದ್ರೆ ಇನ್ನೊಂದು ಸಡಿಲ ಆಗುತ್ತೆ, ಅದಕ್ಕೇ ಎರಡು ಮೂರು ಸುತ್ತು ಅದೇ ಕ್ರಮದಲ್ಲಿ ಸರಿ ಮಾಡ್ತಾ ಬರ್ಬೇಕು. ಇಷ್ಟಾದ್ರೂ ಸುಕ್ಕು ಉಳಿದ್ರೆ ಹಾಂಗ್‌ಕಾಂಗ್ ಪ್ಯಾರಲ್ ಹಾಕಿ: ಒಂದು ಬ್ಯಾಟನ್‌ನ ಮುಂದಿನ ತುದಿಗೆ ಕಟ್ಟಿದ ಸಣ್ಣ ಹಗ್ಗ ಓರೆಯಾಗಿ ಕೆಳಗಿನ ಬ್ಯಾಟನ್‌ನಲ್ಲಿ ಮಾಸ್ಟ್‌ಗಿಂತ ಸ್ವಲ್ಪ ಹಿಂದಿನ ಜಾಗಕ್ಕೆ ಹೋಗುತ್ತೆ, ಬಟ್ಟೆ ಹೊರಬೇಕಾದ ಓರೆ ಎಳೆತನ ಈ ಹಗ್ಗ ಹೊರುತ್ತೆ. ಮೇಲೆತ್ತೋವಾಗ ಯಾವುದನ್ನೂ ಎಳೆದಿಟ್ಟುಕೊಂಡು ಎತ್ತಬೇಡಿ, ಹಾಯಿ ಅರ್ಧದಲ್ಲಿ ಕಚ್ಚಿಕೊಳ್ಳುತ್ತೆ.

4. ತಿರುಚು ಕಡಿಮೆ ಮಾಡಿ

ಹಿಂದಿನಿಂದ ಲೀಚ್ ನೋಡಿದ್ರೆ ಬೂಮ್ ಒಂದು ಕೋನದಲ್ಲಿ, ಯಾರ್ಡ್ ಬೇರೆ ಕೋನದಲ್ಲಿ ಹೊರಕ್ಕೆ ಹೋಗಿರುತ್ತೆ. ಇದಕ್ಕೆ ಟ್ವಿಸ್ಟ್ ಅಂತಾರೆ. ಮೇಲೆ ಗಾಳಿ ಸ್ವಲ್ಪ ಜೋರು ಇರೋದ್ರಿಂದ ಹಾಯಿಗೆ ತಾಗೋ ಗಾಳಿಯ ದಿಕ್ಕೂ ಮೇಲೆ ಸ್ವಲ್ಪ ಬೇರೆ ಇರುತ್ತೆ, ಹಂಗಾಗಿ ಐದಾರು ಡಿಗ್ರಿ ಟ್ವಿಸ್ಟ್ ಒಳ್ಳೇದೇ. ಇಪ್ಪತ್ತು ಡಿಗ್ರಿ ಆದ್ರೆ ಕೆಳಗಿನ ಪ್ಯಾನೆಲ್ ಸ್ಟಾಲ್ ಆಗಿರುವಾಗ್ಲೇ ಮೇಲಿನದು ಖಾಲಿ ನಿಂತಿರುತ್ತೆ, ಯಾವುದೂ ಕೆಲಸ ಮಾಡಲ್ಲ. ರಿಬ್ಬನ್‌ಗಳು ಇದನ್ನ ಚೆನ್ನಾಗಿ ತೋರಿಸುತ್ತವೆ: ಕೆಳಗಿನವು ಮರೆ, ಮೇಲಿನವು ನೇರ.

ಶೀಟ್ ಕೆಳಗಿಂದ ಎಳೆಯೋದ್ರಿಂದ ಕೆಳಗಿನ ಬ್ಯಾಟನ್‌ಗೇ ಹೆಚ್ಚು ಬಿಗಿ ಬೀಳೋದು ಸಹಜ. ಕವಲು ಹಗ್ಗಗಳ ಉದ್ದ ಬದಲಿಸಿ ಮೇಲಿನ ಬ್ಯಾಟನ್‌ಗಳಿಗೆ ಹೆಚ್ಚು ಪಾಲು ಎಳೆತ ಸಿಗೋ ಹಾಗೆ ಮಾಡಿ. ಅಷ್ಟು ಸಾಲದಿದ್ರೆ ಶೀಟನ್ನೇ ಎರಡು ಮಾಡಿ, ಮೇಲಿನ ಅರ್ಧಕ್ಕೊಂದು ಕೆಳಗಿನ ಅರ್ಧಕ್ಕೊಂದು. ಹಗ್ಗ ಜಾಸ್ತಿಯಾಗುತ್ತೆ, ಆದ್ರೆ ಟ್ವಿಸ್ಟ್ ನಿಮ್ಮ ಕೈಗೆ ಬರುತ್ತೆ. ಎಚ್ಚರ: ಲೀಚ್‌ಗೂ ಡೆಕ್ ಮೇಲಿನ ಶೀಟ್ ರಾಟೆಗೂ ನಡುವೆ ಸಾಕಷ್ಟು ಜಾಗ ಬಿಡ್ಲೇಬೇಕು, ಕಮ್ಮಿಯಾದ್ರೆ ರಾಟೆಗಳು ಒಂದಕ್ಕೊಂದು ತಾಗಿ ನಿಂತುಬಿಡ್ತವೆ, ಹಾಯಿ ಒಳಗೆ ಬರೋದೇ ಇಲ್ಲ.

ಇಲ್ಲಿಗೆ ನಿಲ್ಲಿಸಿ ಮತ್ತೆ ಅಳೀರಿ. ಕೆಲವರಿಗೆ ಇಷ್ಟೇ ಸಾಕಾಗುತ್ತೆ, ಹಾಯಿ ಹೊಲಿಯೋ ಖರ್ಚೇ ಉಳಿಯುತ್ತೆ.

5. ಉಬ್ಬು ಎಲ್ಲಿಂದ ತರೋದು ಅಂತ ನಿರ್ಧರಿಸಿ

ಮೂರು ದಾರಿ ಇದೆ. ಮೊದಲನೇದು ಬಾಗೋ ಬ್ಯಾಟನ್. ಕೇಳೋಕೆ ಸುಲಭ, ಕೆಲಸದಲ್ಲಿ ಉಲ್ಟಾ: ಮಂದ ಗಾಳಿಯಲ್ಲಿ ಉಬ್ಬು ಬೇಕು ಆಗ ಬಾಗಲ್ಲ, ಜೋರು ಗಾಳಿಯಲ್ಲಿ ಚಪ್ಪಟೆ ಬೇಕು ಆಗ ಬಿಲ್ಲಾಗುತ್ತೆ, ಇನ್ನೂ ಜೋರಾದ್ರೆ ಮುರಿಯುತ್ತೆ. ಇದನ್ನ ನಾನು ಯಾರಿಗೂ ಹೇಳಲ್ಲ.

ಎರಡನೇದು ಮಡಚೋ ಜಾಯಿಂಟ್ ಇರೋ ಬ್ಯಾಟನ್. ಬ್ಯಾಟನ್ ಕೊಳವೆನ ಮುಂದಿನ ಅರ್ಧದಲ್ಲಿ ಒಂದೆರಡು ಕಡೆ ಕತ್ತರಿಸಿ, ಕೆಲವೇ ಡಿಗ್ರಿ ಮಾತ್ರ ಮಡಚೋ ಹಾಗೆ ಜಾಯಿಂಟ್ ಕೂರಿಸ್ತಾರೆ, ಗಾಳಿ ಯಾವ ಮಗ್ಗುಲಿಂದ ಬಂದ್ರೂ ಬ್ಯಾಟನ್ ಆ ಕಡೆ ಮಡಚಿಕೊಂಡು ಚಪ್ಪಟೆ ಬಟ್ಟೆಗೇ ಉಬ್ಬು ಬರುತ್ತೆ. ಹಾಯಿ ಬಟ್ಟೆ ಇನ್ನೂ ಹೊಸದಿದ್ರೆ, ಬಿಸಾಕೋಕೆ ಮನಸ್ಸಿಲ್ಲ ಅಂದ್ರೆ ಇದು ಸರಿಯಾದ ದಾರಿ. ಆದ್ರೆ ಜಾಯಿಂಟ್ ಸವೆಯುತ್ತೆ, ಬಟ್ಟೆನ ಒಳಗಿಂದ ಉಜ್ಜುತ್ತೆ, ಮಂದ ಗಾಳಿಯಲ್ಲಿ ಬ್ಯಾಟನ್‌ನ ಮಾಸ್ಟ್‌ಗಿಂತ ಮುಂದಿರೋ ಭಾಗ ಒಂದು ಕಡೆ ಹಿಂದಿರೋ ಭಾಗ ಇನ್ನೊಂದು ಕಡೆ ಮಡಚಿಕೊಂಡು ಅಂಕುಡೊಂಕಾಗಿ ನಿಲ್ಲೋದೂ ಉಂಟು.

ಮೂರನೇದು ಬಟ್ಟೆಯಲ್ಲೇ ಉಬ್ಬು ಕತ್ತರಿಸೋದು. ಬ್ಯಾಟನ್ ನೇರ, ಗಟ್ಟಿ. ಪ್ರತಿ ಪ್ಯಾನೆಲ್‌ನ ಬಟ್ಟೆ ಬೇಕಾದ್ದಕ್ಕಿಂತ ದೊಡ್ಡದು, ಹಂಗಾಗಿ ಎರಡು ಬ್ಯಾಟನ್ ನಡುವೆ ಬುಗ್ಗೆಯಾಗಿ ಉಬ್ಬಿ ನಿಲ್ಲುತ್ತೆ. ಓಡೋ ಭಾಗ ಯಾವುದೂ ಇಲ್ಲ, ಕೆಡೋಕೂ ಏನಿಲ್ಲ. ಹೊಸದಾಗಿ ಹೊಲಿಯೋರಿಗೆ ನನ್ನ ಸಲಹೆ ಇದೇ, ಮುಂದಿನದೆಲ್ಲಾ ಇದರ ಬಗ್ಗೆಯೇ.

6. ಯಾವ ಪ್ಯಾನೆಲ್‌ಗೆ ಎಷ್ಟು

ಕೆಳಗಿನ ಮತ್ತು ನಡುವಿನ ಪ್ಯಾನೆಲ್‌ಗಳಿಗೆ 6ರಿಂದ 8% ಇಟ್ಟುಕೊಳ್ಳಿ. ಮಂದ ಗಾಳಿಯ ಕೆರೆ, ಸರೋವರದಲ್ಲಿ ಓಡಿಸೋರು 10%ವರೆಗೂ ಹೋಗಬಹುದು. ಮೇಲಿನ ಎರಡು ಮೂರು ಪ್ಯಾನೆಲ್‌ಗೆ ಕಡಿಮೆ ಮಾಡ್ತಾ ಹೋಗಿ, ತುದಿಯದು ಹೆಚ್ಚುಕಮ್ಮಿ ಚಪ್ಪಟೆಯೇ ಇರಲಿ. ಯಾಕೆ ಅಂತ ಸರಿಯಾಗಿ ಅರ್ಥ ಮಾಡ್ಕೊಳ್ಳಿ: ಜಂಕ್ ಹಾಯಿನ ಚಿಕ್ಕದು ಮಾಡೋದು, ಅಂದ್ರೆ ರೀಫ್ ಮಾಡೋದು, ಹ್ಯಾಲ್ಯಾರ್ಡ್ ಬಿಟ್ಟು ಕೆಳಗಿನ ಪ್ಯಾನೆಲ್ ಮಡಚೋ ಮೂಲಕ. ಬಿರುಗಾಳಿಯಲ್ಲಿ ಕೊನೆಗೆ ಉಳಿಯೋದು ಮೇಲಿನ ಪ್ಯಾನೆಲ್‌ಗಳು ಮಾತ್ರ. ಅವು ಚಪ್ಪಟೆ ಇದ್ರೆ ಅದೇ ನಿಮ್ಮ ಬಿರುಗಾಳಿ ಹಾಯಿ, ಅವೂ ಉಬ್ಬಿದ್ರೆ ದೋಣಿ ವಾಲಿ ವಾಲಿ ಸಾಕು ಮಾಡುತ್ತೆ.

ಉಬ್ಬಿನ ಅತಿ ಆಳದ ಜಾಗ ಲಫ್‌ನಿಂದ 35-40% ದೂರದಲ್ಲಿರಲಿ. ಲೀಚ್ ಹತ್ತಿರ ಬರ್ತಾ ಬಟ್ಟೆ ನೇರ ಆಗಿಬಿಡಬೇಕು, ಅಲ್ಲೂ ಬಾಗಿದ್ರೆ ಕೊಕ್ಕೆಯಾಗಿ ಗಾಳಿನ ತಡೆಯುತ್ತೆ.

7. ಸರಪಳಿ ಲೆಕ್ಕ

ಗಣಿತ ಅಂತ ಹೆದರ್ಬೇಡಿ. ಕಾರ್ಡ್ 4 ಮೀಟರ್, ಬ್ಯಾಟನ್‌ಗಳ ನಡುವೆ 1.2 ಮೀಟರ್, 8% ಉಬ್ಬು, ಅಂದ್ರೆ ಆಳ 32 ಸೆಂಟಿಮೀಟರ್ ಅಂತ ಇಟ್ಕೊಳ್ಳೋಣ. ಗೋಡೆಗೆ ಒಂದೇ ಮಟ್ಟದಲ್ಲಿ 1.2 ಮೀಟರ್ ದೂರಕ್ಕೆ ಎರಡು ಮೊಳೆ ಹೊಡೀರಿ. ಸರಪಳಿನ ಎರಡಕ್ಕೂ ಸಿಕ್ಕಿಸಿ ನಡುವೆ ಸರಿಯಾಗಿ 32 ಸೆಂಟಿಮೀಟರ್ ಜೋತು ಬೀಳೋ ಹಾಗೆ ಮಾಡಿ. ಈಗ ಎರಡು ಮೊಳೆ ನಡುವಿನ ಸರಪಳಿಯ ಉದ್ದ ಅಳೀರಿ, ಸುಮಾರು 1.40 ಮೀಟರ್ ಬರುತ್ತೆ. ಬ್ಯಾಟನ್ ದೂರಕ್ಕಿಂತ 20 ಸೆಂಟಿಮೀಟರ್ ಜಾಸ್ತಿ. ಇದನ್ನ ಎರಡು ಭಾಗ ಮಾಡಿ, ಪ್ಯಾನೆಲ್‌ನ ಮೇಲಂಚಿಗೆ 10, ಕೆಳಂಚಿಗೆ 10 ಸೆಂಟಿಮೀಟರ್ ಬಟ್ಟೆ ಉಬ್ಬಿಸಿ ಕತ್ತರಿಸಬೇಕು. ಇದೇ ಅತಿ ಹೆಚ್ಚಿನ ಜಾಗದ ಲೆಕ್ಕ.

ಲಫ್‌ನಿಂದ ಲೀಚ್‌ವರೆಗೆ ಎಂಟು ಹತ್ತು ಕಡೆ ಉಬ್ಬಿನ ಆಳ ಎಷ್ಟು ಬೇಕು ಅಂತ ಕಾಗದದಲ್ಲಿ ಗೆರೆ ಎಳೆದು, ಪ್ರತಿ ಜಾಗಕ್ಕೂ ಸರಪಳಿನ ಅಷ್ಟೇ ಜೋತು ಬಿಟ್ಟು ಹೀಗೇ ಅಳೀರಿ. ಆ ಚುಕ್ಕೆಗಳನ್ನ ಬಟ್ಟೆ ಮೇಲೆ ಗುರುತು ಮಾಡಿ ಮರದ ಪಟ್ಟಿ ಬಾಗಿಸಿ ಒಂದೇ ಹರಿವಲ್ಲಿ ಗೆರೆ ಎಳೀರಿ.

ಇಲ್ಲಿ ಎಡವೋರು ಬಹಳ ಜನ, ಅದಕ್ಕೇ ಅಂಕಿ ಕೊಡ್ತೀನಿ. ಅದೇ ಪ್ಯಾನೆಲ್‌ಗೆ 6% ಸಾಕು ಅಂದ್ರೆ ಅಂಚಿಗೆ ಬೇಕಾಗೋದು 6 ಸೆಂಟಿಮೀಟರ್ ಮಾತ್ರ. 10% ಬೇಕು ಅಂದ್ರೆ 14-15 ಸೆಂಟಿಮೀಟರ್. ಬ್ಯಾಟನ್ ದೂರ 1.2ರ ಬದಲು 80 ಸೆಂಟಿಮೀಟರ್ ಇದ್ದು ಅದೇ 32 ಸೆಂಟಿಮೀಟರ್ ಆಳ ಬೇಕಂದ್ರೆ ಅಂಚಿಗೆ 13 ಸೆಂಟಿಮೀಟರ್. ಅಂದ್ರೆ ಬೇರೆಯವರ ಹಾಯಿಯ ಅಂಕಿನ ನಿಮ್ಮ ಹಾಯಿಗೆ ಹಂಗೇ ನಕಲು ಮಾಡೋಕೆ ಆಗಲ್ಲ, ಬ್ಯಾಟನ್ ದೂರ ಬದಲಾದ ಕೂಡ್ಲೇ ಎಲ್ಲಾ ಬದಲಾಗುತ್ತೆ.

ಇನ್ನೊಂದು ವಿಷಯ. ಬಟ್ಟೆ ಮೇಲೆ ಕೆಳಗೆ ಉಬ್ಬೋ ಜೊತೆಗೆ ಲಫ್‌ನಿಂದ ಲೀಚ್ ಕಡೆಗೂ ಬಾಗುತ್ತೆ, ಆ ಉದ್ದಕ್ಕೂ ಒಂದಿಷ್ಟು ಬಟ್ಟೆ ಬೇಕು, ಈ ಕಟಿಂಗಲ್ಲಿ ಅದನ್ನ ನಾವು ಕೊಟ್ಟಿರಲ್ಲ. ಹಂಗಾಗಿ ಪ್ಯಾನೆಲ್ ನಡುವೆ ಲಫ್, ಲೀಚ್ ಎರಡೂ ಸ್ವಲ್ಪ ಒಳಕ್ಕೆ ಎಳೆದುಕೊಳ್ಳುತ್ತವೆ, ನಿಜವಾದ ಉಬ್ಬು ಲೆಕ್ಕಕ್ಕಿಂತ ತುಸು ಕಡಿಮೆ ಬರುತ್ತೆ. ಗಾಬರಿ ಬೇಡ. 8%ಗೆ ಕತ್ತರಿಸಿ 7% ಬಂದ್ರೂ ದೋಣಿ ಗಾಳಿಗೆ ಏರುತ್ತೆ.

8. ಒಂದೇ ಒಂದು ಪ್ಯಾನೆಲ್ ಹೊಲಿದು ನೋಡಿ

ಅಗ್ಗದ ಟಾರ್ಪಾಲಲ್ಲಿ ಪೂರ್ತಿ ಅಳತೆಯ ಒಂದು ಪ್ಯಾನೆಲ್ ಮಾಡಿ. ಮೇಲಂಚು ಕೆಳಂಚಿಗೆ ಎರಡು ಪೈಪ್ ಅಥವಾ ಬಿದಿರು ಕಟ್ಟಿ, ಎರಡನ್ನೂ ಒಂದೇ ಎತ್ತರದಲ್ಲಿ ಬ್ಯಾಟನ್ ದೂರಕ್ಕೆ ಸರಿಯಾಗಿ ಮಲಗಿಸಿದ ಹಾಗೆ ಆಧಾರಕ್ಕೆ ಇಡಿ, ಬಟ್ಟೆ ನಡುವೆ ಜೋತು ಬೀಳುತ್ತೆ. ಒಳಗೆ ಅಲ್ಲಲ್ಲಿ ಹಗುರಕ್ಕೆ ಮರಳಿನ ಚೀಲ ಇಟ್ಟು, ಪೈಪಿಂದ ಪೈಪಿಗೆ ದಾರ ಎಳೆದು ಆಳ ಅಳೀರಿ. ಅತಿ ಆಳ ಲಫ್ ಕಡೆಗಿದೆಯಾ, ಲೀಚ್ ಹತ್ತಿರ ನೇರ ಆಯ್ತಾ ನೋಡಿ. ಬದಲಾವಣೆ ಏನಿದ್ರೂ ಈಗಲೇ, ಒಳ್ಳೇ ಬಟ್ಟೆ ಕತ್ತರಿಸಿದ ಮೇಲೆ ಅಲ್ಲ.

9. ಹಾಯಿ ಹೊಲಿಯೋದು

ಬಟ್ಟೆ ಮೆತ್ತಗಿರಲಿ. ಜಂಕ್ ಹಾಯಿಯಲ್ಲಿ ಬಟ್ಟೆ ಮೇಲೆ ಬೀಳೋ ಭಾರ ಕಡಿಮೆ, ಬ್ಯಾಟನ್‌ಗಳು ಹಂಚಿಕೊಳ್ಳುತ್ತವೆ, ಹಂಗಾಗಿ ರೇಸಿಂಗ್ ಹಾಯಿಯ ಗರಿಗರಿ ಬಟ್ಟೆಗೆ ದುಡ್ಡು ಸುರಿಯೋದು ಬೇಡ, ಮೇಲಾಗಿ ಗರಿಗರಿ ಬಟ್ಟೆ ಮಂದ ಗಾಳಿಯಲ್ಲಿ ಉಬ್ಬೋದೇ ಇಲ್ಲ. ದೋಣಿ, ಅಂಗಡಿ ಮುಂದಿನ ನೆರಳಿಗೆ ಹಾಕೋ ಬಿಸಿಲು ತಡೆಯೋ ಪಾಲಿಯೆಸ್ಟರ್ ಬಟ್ಟೆ ಚೆನ್ನಾಗಿ ಆಗುತ್ತೆ. ನೇಯ್ಗೆಯ ಗಟ್ಟಿ ಎಳೆ ಲೀಚ್‌ಗೆ ಸಮಾನಾಂತರ ಇರಬೇಕು.

ಉಬ್ಬಿದ ಅಂಚನ್ನ ನೇರ ಬ್ಯಾಟನ್ ಜೇಬಿಗೆ ಜೋಡಿಸೋದೇ ಕಷ್ಟದ ಜಾಗ. ರವಿಕೆ ತೋಳಿನ ಬುಡನ ಕಂಕುಳಿಗೆ ಕೂರಿಸೋ ಹಾಗೆ, ಹೆಚ್ಚಿರೋ ಬಟ್ಟೆನ ಇಡೀ ಉದ್ದಕ್ಕೂ ಸಮನಾಗಿ ಹಂಚಬೇಕು, ಒಂದೇ ಕಡೆ ನೆರಿಗೆ ಬೀಳಬಾರದು. ಎರಡೂ ಅಂಚಿಗೆ ಮೊದಲೇ ಅರ್ಧ, ಕಾಲು, ಅರೆಕಾಲು ಗುರುತು ಹಾಕಿ, ಗುರುತಿಗೆ ಗುರುತು ಸೇರಿಸಿ ಕ್ಲಿಪ್ ಹಾಕಿದ ಮೇಲೆ ಮಷೀನಿಗೆ ಕೊಡಿ. ಇದನ್ನ ಬಿಟ್ಟು ಒಂದು ತುದಿಯಿಂದ ಓಡಿಸ್ತಾ ಹೋದ್ರೆ ಕೊನೇಲಿ ಒಂದು ಬಟ್ಟೆ ಉದ್ದ, ಒಂದು ಗಿಡ್ಡ.

ಲಫ್‌ಗೂ ಲೀಚ್‌ಗೂ ಗಟ್ಟಿ ಪಟ್ಟಿ ಹೊಲೀರಿ, ಯಾರ್ಡಿಂದ ಬೂಮ್‌ವರೆಗಿನ ಎಳೆತ ಇದೇ ಹೊರೋದು. ಲೀಚ್ ಅಂಚನ್ನ ಬ್ಯಾಟನ್ ನಡುವೆ ಸ್ವಲ್ಪ ಒಳಕ್ಕೆ ಕೊರೆದು ಕತ್ತರಿಸಿದ್ರೆ ಪಟಪಟ ಬಡಿಯಲ್ಲ.

ಬ್ಯಾಟನ್‌ಗೆ ಗಟ್ಟಿ ಅಲ್ಯೂಮಿನಿಯಂ ಕೊಳವೆ, 6061-ಟಿ6 ಅಂತ ಕೇಳಿ ತಗೊಳ್ಳಿ. ಬಾಗಿಲು ಕಿಟಕಿಗೆ ಹಾಕೋ ಮೆತ್ತನೆ ಅಲ್ಯೂಮಿನಿಯಂ ಮೊದಲ ಜೋರು ಗಾಳಿಗೇ ಬಾಗಿ ಅಲ್ಲೇ ನಿಲ್ಲುತ್ತೆ.

10. ಏರಿಸಿದ ಮೇಲೆ

ಮೊದಲ ಸಲ ಮಂದ ಗಾಳಿಯಲ್ಲೇ ಏರಿಸಿ. ಮೂರು, ನಾಲ್ಕನೇ ಹಂತ ಮತ್ತೆ ಮಾಡಿ, ಹಳೇ ಹಾಯಿಗೆ ಸರಿ ಇದ್ದ ಹಗ್ಗದ ಉದ್ದ ಇದಕ್ಕೆ ಸರಿ ಇರಲ್ಲ. ಚುಕ್ಕಾಣಿ ಕೈಗೆ ಬೇರೆ ತರ ಅನಿಸುತ್ತೆ, ಭಾರ ಜಾಸ್ತಿಯಾದ್ರೆ ಹಾಯಿನ ಒಂದು ಗೇಣು ಮುಂದಕ್ಕೋ ಹಿಂದಕ್ಕೋ ಸರಿಸಿ ನೋಡಿ, ಮಾಸ್ಟ್ ಜಾಗ ಬದಲಿಸದೆ ಹೀಗೆ ಸರಿ ಮಾಡೋಕೆ ಆಗೋದು ಜಂಕ್ ಹಾಯಿಯಲ್ಲಿ ಸಿಗೋ ದೊಡ್ಡ ಅನುಕೂಲ.

ಒಂದು ಹೊಸ ಸೂಚನೆಯೂ ನಿಮಗೆ ಸಿಗುತ್ತೆ: ಜಾಸ್ತಿ ಗಾಳಿಗೆ ತಿರುಗಿದಾಗ ಲಫ್ ಹತ್ತಿರ ಪ್ಯಾನೆಲ್‌ನ ಉಬ್ಬು ಮೆತ್ತಗಾಗಿ ಒಳಕ್ಕೆ ಕುಸಿಯುತ್ತೆ. ಅದು ಕಂಡ ಕೂಡಲೇ ಮೂತಿ ಒಂದು ಚೂರು ಗಾಳಿಯಿಂದ ಆಚೆಗೆ. ಲೀಚ್ ರಿಬ್ಬನ್ ಒಂದು ಕಡೆ ಮಿತಿ ಹೇಳುತ್ತೆ, ಈ ಕುಸಿತ ಇನ್ನೊಂದು ಕಡೆ ಮಿತಿ ಹೇಳುತ್ತೆ, ಎರಡರ ನಡುವೆ ಓಡಿಸಿ.

ಒಂದು ಮಗ್ಗುಲಲ್ಲಿ ಗಾಳಿ ಹಾಯಿನ ಮಾಸ್ಟ್‌ಗೆ ಒತ್ತುತ್ತೆ, ಆಗ ಪ್ಯಾನೆಲ್ ನಡುವೆ ಕಂಬದ ಗುರುತು ಒತ್ತಿ ಉಬ್ಬು ಸ್ವಲ್ಪ ಕೆಡುತ್ತೆ. ನೋಡೋಕೆ ಬೇಜಾರು, ಓಟಕ್ಕೆ ಅಷ್ಟೇನೂ ನಷ್ಟ ಇಲ್ಲ. ಇದನ್ನೂ ಸಹಿಸಲ್ಲ ಅನ್ನೋರಿಗೆ ಸ್ಪ್ಲಿಟ್ ಜಂಕ್ ಇದೆ: ಹಾಯಿನ ಮಾಸ್ಟ್ ಹತ್ತಿರ ಉದ್ದಕ್ಕೆ ಸೀಳಿ, ಸುಮಾರು ಮೂರನೇ ಒಂದು ಪಾಲು ಮಾಸ್ಟ್ ಮುಂದಕ್ಕೆ ಬರೋ ಹಾಗೆ ಮಾಡ್ತಾರೆ, ಮುಂದಿನ ಪುಟ್ಟ ಪ್ಯಾನೆಲ್‌ಗಳು ಬೇರೆ ದೋಣಿಗಳಲ್ಲಿ ಮಾಸ್ಟ್ ಮುಂದಿರೋ ತ್ರಿಕೋನದ ಜಿಬ್ ಹಾಯಿ ತರ ಕೆಲಸ ಮಾಡುತ್ತವೆ, ಕಂಬ ಸಂದಿಯಲ್ಲಿ ಇರುತ್ತೆ, ಬಟ್ಟೆ ಒತ್ತೋ ಪ್ರಶ್ನೆಯೇ ಇಲ್ಲ, ಶೀಟ್ ಎಳೆಯೋ ಭಾರನೂ ಬಹಳ ಕಡಿಮೆ. ಹೊಲಿಗೆ ಕೆಲಸ ಮಾತ್ರ ಹೆಚ್ಚುಕಮ್ಮಿ ಎರಡರಷ್ಟು, ಪ್ರತಿ ಪ್ಯಾನೆಲ್‌ಗೂ ಎರಡು ತುಂಡು. ಮೊದಲ ಹಾಯಿ ಹೊಲಿಯೋರು ಇದಕ್ಕೆ ಕೈ ಹಾಕ್ಬೇಡಿ, ಒಂದು ಸಾದಾ ಉಬ್ಬಿನ ಹಾಯಿ ಹೊಲಿದು ಒಂದು ಸೀಸನ್ ಓಡಿಸಿ ಆಮೇಲೆ ಯೋಚನೆ ಮಾಡಿ.

ಕೊನೇದಾಗಿ ಮಾಸ್ಟ್. ಜಂಕ್ ದೋಣಿಯ ಮಾಸ್ಟ್‌ಗೆ ಸಾಮಾನ್ಯವಾಗಿ ತಂತಿ ಆಧಾರ ಇರಲ್ಲ, ಡೆಕ್ಕಲ್ಲಿರೋ ತೂತು ಮತ್ತೆ ತಳದ ಗೂಡು ಎರಡೇ ಹಿಡಿದಿರೋದು. ಉಬ್ಬಿನ ಹಾಯಿ ಹಳೇದಕ್ಕಿಂತ ಜೋರಾಗಿ ಎಳೆಯುತ್ತೆ, ಆ ಎಳೆತ ಪೂರಾ ಡೆಕ್ಕಿನ ಆ ತೂತಿನ ಸುತ್ತ ಬಂದು ಬೀಳುತ್ತೆ. ಹಳೇ ಹಾಯಿಯಲ್ಲಿ ಎಷ್ಟು ಗಾಳಿಗೆ ರೀಫ್ ಮಾಡ್ತಿದ್ರೋ ಅದಕ್ಕಿಂತ ಒಂದು ಪ್ಯಾನೆಲ್ ಮುಂಚೆನೇ ಮಾಡಿ. ಮೊದಲ ಕೆಲವು ಸಲ ಓಡಿಸಿ ಬಂದ ಮೇಲೆ ಟಾರ್ಚ್ ಹಿಡಿದು ಆ ತೂತಿನ ಸುತ್ತ ಬಿರುಕು ಬಂದಿದೆಯಾ, ಮರದ ಬೆಣೆಗಳು ಸಡಿಲ ಆಗಿವೆಯಾ ಅಂತ ಕೈಯಾಡಿಸಿ ನೋಡಿ, ಸಡಿಲ ಇದ್ರೆ ಬೆಣೆ ಬಡಿದು ಬಿಗಿ ಮಾಡಿದ ಮೇಲೇ ಮತ್ತೆ ಹೊರಡಿ.